‘ಇನ್ನೂ ಕನ್ಫರ್ಮ್ ಆಗಿಲ್ಲ’: ಫೀಲ್ಡ್ ಪ್ರೊಡ್ಯೂಸರ್ ಆಗಿ ನನ್ನ ಅನುಭವ

ಫೀಲ್ಡ್ ಪ್ರೊಡ್ಯೂಸರ್ ಅಂದರೆ ಏನು ಕೆಲಸ ಅಂತ ತುಂಬಾ ಜನ ಕೇಳುತ್ತಾರೆ. ವರದಿಗಾರರು ಟಿವಿಯಲ್ಲಿ ಕಾಣಿಸುತ್ತಾರೆ. ಕ್ಯಾಮೆರಾಮನ್ ಹೆಗಲ ಮೇಲೆ ಕ್ಯಾಮೆರಾ ಇರುತ್ತದೆ. ನನ್ನ ಕೈಯಲ್ಲಿ ಇರುವುದು ಒಂದು ಫೋನು, ಒಂದು ನೋಟ್‌ಬುಕ್. ಫೋನಿನ ಆ ಕಡೆ ಡೆಸ್ಕ್, ಅಂದರೆ ಆಫೀಸಿನಲ್ಲಿ ಕೂತು ಸುದ್ದಿ ಸಿದ್ಧಪಡಿಸುವವರು. ಈ ಕಡೆ ಸ್ಪಾಟ್, ಅಂದರೆ ಘಟನೆ ನಡೆದ ಜಾಗ. ಇಲ್ಲಿ ಏನು ಗೊತ್ತಾಗಿದೆ, ಏನು ಗೊತ್ತಾಗಿಲ್ಲ ಅನ್ನುವುದನ್ನು ಅಲ್ಲಿಗೆ ಸರಿಯಾಗಿ ಮುಟ್ಟಿಸುವುದೇ ನನ್ನ ಕೆಲಸ ಅಂತ ನಾನು ತಿಳಿದುಕೊಂಡಿದ್ದೇನೆ. ಬ್ಯಾಟರಿ, ಗಾಡಿ, ಅನುಮತಿ, ಸ್ಟುಡಿಯೋಗೆ ಚಿತ್ರ ಕಳಿಸುವ ಲಿಂಕ್ ಎಲ್ಲ ನೋಡಿಕೊಳ್ಳುವುದು ಇದೊಂದಕ್ಕಾಗಿ.

ಇದು ನನಗೆ ಮೊದಲ ದಿನವೇ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ರಾತ್ರಿ ಕಟ್ಟಡವೊಂದಕ್ಕೆ ಬೆಂಕಿ ಬಿದ್ದಿತ್ತು, ನಾವು ಬೇಗನೇ ತಲುಪಿದ್ದೆವು, ಹೊಗೆ ಇನ್ನೂ ಏಳುತ್ತಿತ್ತು. ಡೆಸ್ಕ್‌ನಿಂದ ಮೇಲಿಂದ ಮೇಲೆ ಫೋನ್. ಬೇರೆ ಚಾನೆಲ್‌ನಲ್ಲಿ ಸತ್ತವರ ಸಂಖ್ಯೆ ಬರ್ತಿದೆ, ನಮ್ಮದು ಎಷ್ಟು? ಪಕ್ಕದಲ್ಲಿ ನಿಂತಿದ್ದ ಒಬ್ಬರನ್ನು ಕೇಳಿದೆ. ಅವರು ಐದು ಅಂದರು. ನಾನು ಐದು ಅಂದೆ. ಎರಡು ನಿಮಿಷಕ್ಕೆ ಅದು ಟಿವಿ ಪರದೆಯ ಕೆಳಗೆ ಓಡತೊಡಗಿತು. ಅರ್ಧ ಗಂಟೆ ಬಿಟ್ಟು ಅಗ್ನಿಶಾಮಕ ಅಧಿಕಾರಿ ಹೊರಗೆ ಬಂದು, ಐವರನ್ನು ಆಸ್ಪತ್ರೆಗೆ ಕಳಿಸಿದ್ದೇವೆ, ಎಲ್ಲರಿಗೂ ಉಸಿರಾಟ ಇದೆ ಅಂದರು. ಅಷ್ಟರಲ್ಲಿ ತಂತಿಬೇಲಿ ಹತ್ತಿರ ನಿಂತಿದ್ದ ಒಬ್ಬ ತಂದೆ ತಮ್ಮ ಫೋನಿನಲ್ಲಿ ನಮ್ಮ ಸುದ್ದಿ ನೋಡಿಬಿಟ್ಟಿದ್ದರು. ನನ್ನ ಹತ್ತಿರ ಬಂದು, ಆ ಐದು ಜನ ಯಾರು ಯಾರು, ಹೆಸರು ಗೊತ್ತಾ ಅಂತ ಕೇಳಿದರು. ಅವರ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಆವತ್ತಿನಿಂದ ನೋಟ್‌ಬುಕ್‌ನ ಪ್ರತಿ ಪುಟದಲ್ಲೂ ಎರಡು ಗೆರೆ ಎಳೆದು ಮೂರು ಭಾಗ ಮಾಡುತ್ತೇನೆ. ಮೊದಲನೆಯದು ನಾನು ಕಣ್ಣಾರೆ ಕಂಡದ್ದು. ಎರಡನೆಯದು ಹೊಣೆ ಇರುವವರು ಹೇಳಿದ್ದು, ಅವರ ಹೆಸರು, ಹುದ್ದೆ, ಹೇಳಿದ ಸಮಯದ ಜೊತೆಗೆ. ಮೂರನೆಯದು ಜನ ಮಾತಾಡಿಕೊಳ್ಳುತ್ತಿರುವುದು. ಮೂರನೇ ಭಾಗ ಸುಳ್ಳು ಅಂತಲ್ಲ, ಎಷ್ಟೋ ಸಲ ನಿಜವಾದ ಸುದ್ದಿಯ ಎಳೆ ಸಿಗುವುದು ಅಲ್ಲೇ. ಆದರೆ ಅದು ನಾನು ಹುಡುಕಿಕೊಂಡು ಹೋಗಬೇಕಾದ ದಾರಿ, ಡೆಸ್ಕ್‌ಗೆ ಕೊಡುವ ಸುದ್ದಿ ಅಲ್ಲ.

ಸಮಯ ಯಾಕೆ ಬರೆಯಬೇಕು ಅಂದರೆ, ದುರಂತದ ಮೊದಲ ಗಂಟೆಗಳ ಸಂಖ್ಯೆ ನಿಲ್ಲುವುದೇ ಇಲ್ಲ. ಗಾಯಾಳುಗಳು ಮೂರು ನಾಲ್ಕು ಆಸ್ಪತ್ರೆಗೆ ಹಂಚಿಹೋಗಿರುತ್ತಾರೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದವರನ್ನು ಎರಡೂ ಕಡೆ ಎಣಿಸಿರುತ್ತಾರೆ. ಗಾಬರಿಯಲ್ಲಿ ನಡೆದುಕೊಂಡು ಮನೆಗೆ ಹೋದವರ ಹೆಸರು ಕಾಣೆಯಾದವರ ಪಟ್ಟಿಯಲ್ಲಿ ಉಳಿದಿರುತ್ತದೆ. ಯಾರೂ ಬೇಕಂತ ತಪ್ಪು ಹೇಳುತ್ತಿರುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಮೂಲೆ ಮಾತ್ರ ಕಾಣುತ್ತಿರುತ್ತದೆ. ಅದಕ್ಕೇ ನಾನು ಸಂಖ್ಯೆ ಕೊಡುವಾಗ ಯಾರು ಹೇಳಿದ್ದು, ಎಷ್ಟು ಗಂಟೆಗೆ ಅನ್ನುವುದನ್ನು ಸೇರಿಸಿಯೇ ಕೊಡುತ್ತೇನೆ, ಆ್ಯಂಕರ್ ಕೂಡ ಹಾಗೇ ಓದಬೇಕು ಅಂತ ರನ್‌ಡೌನ್ (ಬುಲೆಟಿನ್‌ನ ಸುದ್ದಿಗಳ ಕ್ರಮಪಟ್ಟಿ) ನೋಡುವವರಿಗೆ ಬಿಡಿಸಿ ಹೇಳುತ್ತೇನೆ.

ಸ್ಪಾಟ್ ತಲುಪಿದ ತಕ್ಷಣ ಟ್ರೈಪಾಡ್ ಇಳಿಸುವುದಿಲ್ಲ. ಒಂದು ಸುತ್ತು ನಡೆದು ನೋಡುತ್ತೇನೆ. ಆಂಬುಲೆನ್ಸ್ ಯಾವ ದಾರಿಯಲ್ಲಿ ಬರುತ್ತದೆ, ಗಾಳಿ ಯಾವ ಕಡೆ ಬೀಸುತ್ತಿದೆ, ಜನ ನುಗ್ಗಿದರೆ ನಾವು ಯಾವ ಕಡೆ ಸರಿಯಬಹುದು, ಗಾಡಿಯ ಮುಖ ಹೊರಗೆ ಹೋಗುವ ದಿಕ್ಕಿಗೆ ಇದೆಯಾ. ಹತ್ತು ನಿಮಿಷ ಹೋಗುತ್ತದೆ, ಡೆಸ್ಕ್ ಬೈಯುತ್ತದೆ, ಹೋಗಲಿ.

ಆಮೇಲೆ ಲಿಂಕ್. ಈಗ ಜಾಸ್ತಿ ಬಳಸುವುದು ಬ್ಯಾಕ್‌ಪ್ಯಾಕ್, ಅಂದರೆ ಬೆನ್ನಿಗೆ ಹಾಕಿಕೊಂಡು ಲೈವ್ ಕಳಿಸುವ ಯಂತ್ರ. ಅದರೊಳಗೆ ಹಲವು ಸಿಮ್‌ಗಳಿರುತ್ತವೆ. ವಿಡಿಯೋವನ್ನು ಸಣ್ಣ ಸಣ್ಣ ತುಂಡು ಮಾಡಿ ಬೇರೆ ಬೇರೆ ಸಿಮ್‌ಗಳ ಮೂಲಕ ಕಳಿಸುತ್ತದೆ, ಆ ತುದಿಯಲ್ಲಿ ಮತ್ತೆ ಜೋಡಿಸಿಕೊಳ್ಳುತ್ತಾರೆ. ಎಲ್ಲ ಸಿಮ್ ಒಂದೇ ಕಂಪನಿಯದಾದರೆ ಸುಮ್ನೆ ಭಾರ ಹೊತ್ತ ಹಾಗೆ, ಆ ಕಂಪನಿಯ ಟವರ್ ತುಂಬಿದರೆ ಎಲ್ಲವೂ ಒಟ್ಟಿಗೆ ಕೈಕೊಡುತ್ತವೆ. ಜನಸಂದಣಿ ಇರುವ ಕಡೆ ಆಗುವುದೂ ಇದೇ. ಮೊದಲ ಅರ್ಧ ಗಂಟೆ ಚೆನ್ನಾಗಿರುತ್ತದೆ, ಜನ ಸೇರಿ ಪ್ರತಿಯೊಬ್ಬರೂ ವಿಡಿಯೋ ಕಳಿಸಲು ಶುರುಮಾಡಿದ ಮೇಲೆ ಚಿತ್ರ ಒಡೆಯುತ್ತದೆ. ಹಾಗಾಗಿ ಮುಖ್ಯ ವಿಶುವಲ್ಸ್ ಮೊದಲೇ ಫೈಲ್ ಮಾಡಿ ಕಳಿಸಿಬಿಡುತ್ತೇನೆ, ಲೈವ್ ಆಮೇಲೆ. ಚಿತ್ರ ಸ್ಟುಡಿಯೋ ತಲುಪುವ ವಿಳಂಬವನ್ನು ಎಷ್ಟು ಸೆಕೆಂಡಿಗೆ ಇಡುವುದು ಅನ್ನುವುದೂ ನಮ್ಮ ಕೈಯಲ್ಲೇ ಇರುತ್ತದೆ. ಕಡಿಮೆ ಇಟ್ಟರೆ ಸ್ಟುಡಿಯೋ ಜೊತೆ ಮಾತುಕತೆ ಸಲೀಸು, ಆದರೆ ಚಿತ್ರ ಒಡೆಯುವ ಭಯ. ವರದಿಗಾರರು ಒಬ್ಬರೇ ಮಾತಾಡಿ ಮುಗಿಸುವ ಲೈವ್ ಆದರೆ ಜಾಸ್ತಿಯೇ ಇಡಿ ಅಂತ ನಾನು ಹೇಳುತ್ತೇನೆ.

ಸ್ಯಾಟಲೈಟ್ ವ್ಯಾನ್ ಇದ್ದರೆ ಟವರ್ ಚಿಂತೆ ಇಲ್ಲ, ಬೇರೆ ಚಿಂತೆ ಇದೆ. ಉಪಗ್ರಹ ಇರುವ ದಿಕ್ಕಿನಲ್ಲಿ ಮರ, ಕಟ್ಟಡ ಅಡ್ಡ ಬರಬಾರದು. ಕೆಯು ಬ್ಯಾಂಡ್ ಅನ್ನುವ ತರಂಗಗಳಲ್ಲಿ ಕಳಿಸುವುದಾದರೆ ಜೋರು ಮಳೆಗೆ ಸಿಗ್ನಲ್ ಕುಸಿಯುತ್ತದೆ. ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಇರುವುದರಿಂದ ನಮ್ಮ ಮಾತು ಮೇಲೆ ಹೋಗಿ ಕೆಳಗೆ ಇಳಿಯಲು ಸುಮಾರು ಕಾಲು ಸೆಕೆಂಡ್ ಬೇಕು, ಯಂತ್ರಗಳ ವಿಳಂಬ ಬೇರೆ. ಆ್ಯಂಕರ್ ಪ್ರಶ್ನೆ ಕೇಳಿ ಉತ್ತರ ಬರಲಿಲ್ಲ ಅಂತ ಮತ್ತೆ ಬಾಯಿ ಹಾಕಿದರೆ ಇಬ್ಬರ ಮಾತೂ ಕಲಸಿಹೋಗುತ್ತದೆ. ಒಂದು ಪ್ರಶ್ನೆ ಕೇಳಿ, ಕಾಯಿರಿ ಅಂತ ಪಿಸಿಆರ್‌ಗೆ, ಅಂದರೆ ಸ್ಟುಡಿಯೋದ ಕಂಟ್ರೋಲ್ ರೂಮಿಗೆ, ಪ್ರತಿ ಸಲವೂ ನೆನಪಿಸುತ್ತೇನೆ.

ಹೊಸಬರಿಗೆ ನಾನು ಒತ್ತಿ ಹೇಳುವ ವಿಷಯ ಮಿಕ್ಸ್ ಮೈನಸ್. ವರದಿಗಾರರ ಕಿವಿಗೆ ಸ್ಟುಡಿಯೋದ ಎಲ್ಲ ಧ್ವನಿ ಹೋಗಬೇಕು, ಅವರ ಸ್ವಂತ ಧ್ವನಿ ಒಂದನ್ನು ಬಿಟ್ಟು. ಅದನ್ನು ಕಳೆಯದೆ ಕಳಿಸಿದರೆ ತಾವು ಆಡಿದ ಮಾತೇ ಒಂದೆರಡು ಸೆಕೆಂಡ್ ತಡವಾಗಿ ಕಿವಿಗೆ ಬೀಳುತ್ತದೆ. ಎಂಥ ಗಟ್ಟಿ ಮಾತುಗಾರರಾದರೂ ತೊದಲುತ್ತಾರೆ. ನೋಡುವವರಿಗೆ ವರದಿಗಾರರು ತಯಾರಿ ಇಲ್ಲದೆ ಬಂದ ಹಾಗೆ ಕಾಣುತ್ತದೆ, ತಪ್ಪು ಇರುವುದು ವೈರಿಂಗ್‌ನಲ್ಲಿ. ಲೈವ್‌ಗೆ ಹತ್ತು ನಿಮಿಷ ಮೊದಲು ಇಯರ್‌ಪೀಸ್ ಹಾಕಿಸಿ ಒಂದರಿಂದ ಹತ್ತು ಎಣಿಸಲು ಹೇಳುತ್ತೇನೆ, ನಿಮ್ಮ ಧ್ವನಿ ನಿಮಗೇ ಕೇಳುತ್ತಿದೆಯಾ ಅಂತ ಕೇಳುತ್ತೇನೆ. ಸ್ಟುಡಿಯೋದ ಮಾತು ನಮ್ಮ ಕಿವಿಗೆ ತರುವ ಟಾಕ್‌ಬ್ಯಾಕ್ ಸತ್ತರೆ ಇರಲಿ ಅಂತ ಸಾದಾ ಫೋನ್ ಕಾಲ್ ಒಂದನ್ನು ಪಿಸಿಆರ್ ಜೊತೆ ಚಾಲೂ ಇಟ್ಟಿರುತ್ತೇನೆ.

ಧ್ವನಿ ಬಗ್ಗೆ ಇನ್ನೊಂದು ಮಾತು. ಚಿತ್ರ ಸ್ವಲ್ಪ ಅಲುಗಿದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಚಾನೆಲ್ ಬದಲಿಸುತ್ತಾರೆ. ಬೈಟ್, ಅಂದರೆ ಯಾರದಾದರೂ ಹೇಳಿಕೆಯ ರೆಕಾರ್ಡಿಂಗ್, ತೆಗೆದುಕೊಳ್ಳುವಾಗ ಹೆಡ್‌ಫೋನ್ ನನ್ನ ಕಿವಿಯಲ್ಲೇ ಇರುತ್ತದೆ. ಮುಗಿದ ಮೇಲೆ ಎಲ್ಲರನ್ನೂ ಒಂದು ನಿಮಿಷ ಸುಮ್ಮನೆ ನಿಲ್ಲಿಸಿ ಆ ಜಾಗದ ಬರೀ ಸದ್ದನ್ನು ರೆಕಾರ್ಡ್ ಮಾಡುತ್ತೇವೆ. ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಕಡೆ ತುಂಬಲು ಅದು ಬೇಕು, ಇಲ್ಲದಿದ್ದರೆ ಪ್ರತಿ ಕಟ್‌ನಲ್ಲೂ ಹಿನ್ನೆಲೆ ಫಟ್ ಅಂತ ಬದಲಾಗುತ್ತದೆ.

ಬ್ಯಾಟರಿ ವಿಷಯ ಬೇಗ ಹೇಳುತ್ತೇನೆ. ವಿಮಾನದಲ್ಲಿ ಹೋಗುವುದಾದರೆ, ಯಂತ್ರಕ್ಕೆ ಹಾಕದ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು. ಬ್ಯಾಟರಿಯ ಸಾಮರ್ಥ್ಯ 100 ವ್ಯಾಟ್-ಅವರ್ ದಾಟಿದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, 160 ದಾಟಿದ್ದನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಎಷ್ಟೋ ಕ್ಯಾಮೆರಾ ಬ್ಯಾಟರಿಗಳ ಮೇಲೆ 98 ಅಂತ ಇರುವುದು ಈ ಮಿತಿಯ ಕಾರಣಕ್ಕೇ.

ದುಃಖದಲ್ಲಿರುವವರ ಹತ್ತಿರ ಹೋಗುವುದು ಇದೆಲ್ಲಕ್ಕಿಂತ ಕಷ್ಟ. ನಾನು ಒಬ್ಬಳೇ ಹೋಗುತ್ತೇನೆ. ಕ್ಯಾಮೆರಾ ದೂರ, ನೆಲದ ಕಡೆ ಮುಖ ಮಾಡಿ ಇರುತ್ತದೆ. ನಾನು ಯಾರು, ಯಾವಾಗ ಪ್ರಸಾರ ಆಗುತ್ತದೆ, ಯಾರೆಲ್ಲ ನೋಡಬಹುದು ಅಂತ ಹೇಳುತ್ತೇನೆ. ಬೇಡ ಅಂದರೆ ಎದ್ದು ಬರುತ್ತೇನೆ, ಎರಡನೇ ಸಲ ಕೇಳುವುದಿಲ್ಲ. ಪಕ್ಕದ ಚಾನೆಲ್‌ಗೆ ಅವರು ಸಿಕ್ಕರು, ನಮಗೆ ಯಾಕೆ ಸಿಗಲಿಲ್ಲ ಅಂತ ಡೆಸ್ಕ್ ಕೇಳಿದೆ. ಹೊಣೆ ನನ್ನದು ಅಂದಿದ್ದೇನೆ. ಮೊದಲು ಮಾತಾಡಿಸದವರನ್ನು ನೇರವಾಗಿ ಲೈವ್‌ಗೆ ನಿಲ್ಲಿಸುವುದೂ ಇಲ್ಲ. ಗಾಬರಿಯಲ್ಲಿ ಅವರು ಇನ್ನೊಬ್ಬರ ಮೇಲೆ ಆರೋಪ ಮಾಡಬಹುದು, ಮನೆಯವರಿಗೆ ಇನ್ನೂ ತಿಳಿಸದ ಸಾವಿನ ಹೆಸರು ಬಾಯಿಗೆ ಬರಬಹುದು. ಗಾಳಿಗೆ ಹೋದ ಮಾತು ವಾಪಸ್ ಬರುವುದಿಲ್ಲ ಅಲ್ವಾ.

ತಂಡದ ನಿದ್ದೆಯ ಲೆಕ್ಕವೂ ನನ್ನ ನೋಟ್‌ಬುಕ್‌ನಲ್ಲಿ ಇರುತ್ತದೆ, ಅದರಲ್ಲೂ ಡ್ರೈವರ್‌ದು. ಎಲ್ಲರ ಕೆಲಸ ಮುಗಿದ ಮೇಲೆ ಅವರದು ಶುರು. ರಾತ್ರಿಯಿಡೀ ಎದ್ದಿದ್ದ ಡ್ರೈವರ್ ಕೈಯಲ್ಲಿ ನಾಲ್ಕು ಗಂಟೆಯ ದಾರಿ ಹೊರಡಿಸಲು ನಾನು ಒಪ್ಪುವುದಿಲ್ಲ, ನಾಳೆ ಬೆಳಗಿನ ಬುಲೆಟಿನ್ ತಪ್ಪಿದರೂ ಸರಿ.

ಹೋದ ಸಲ ಒಂದು ದೊಡ್ಡ ಅಪಘಾತದಲ್ಲಿ ಮತ್ತೆ ಅದೇ ಫೋನ್ ಬಂತು. ಎಷ್ಟು ಜನ? ಮೊದಲ ಭಾಗ ಓದಿದೆ: ನಾಲ್ಕು ಆಂಬುಲೆನ್ಸ್ ಹೊರಟದ್ದನ್ನು ನೋಡಿದ್ದೇವೆ. ಎರಡನೇ ಭಾಗ ಖಾಲಿ ಇತ್ತು. ಇನ್ನೂ ಕನ್ಫರ್ಮ್ ಆಗಿಲ್ಲ ಅಂದೆ. ಹದಿನೈದು ನಿಮಿಷಕ್ಕೊಮ್ಮೆ ಅವರು ಕೇಳಿದರು, ನಾನು ಅದನ್ನೇ ಹೇಳಿದೆ. ಎರಡು ಗಂಟೆ ಆದ ಮೇಲೆ ಜಿಲ್ಲಾಧಿಕಾರಿ ಹೊರಗೆ ಬಂದು ಸಂಖ್ಯೆ ಹೇಳಿದರು. ಹೆಸರು, ಹುದ್ದೆ, ಸಮಯ ಬರೆದುಕೊಂಡು ನಾನೇ ಡೆಸ್ಕ್‌ಗೆ ಫೋನ್ ಮಾಡಿದೆ.