ಎಡಿಸನ್ ಉಳಿದಿದ್ದ ಹಡಗನ್ನು ಹುಡುಕಿಕೊಂಡು ಕಯಾಕ್‌ನಲ್ಲಿ ಹೋಗಿದ್ದು

ಅಮೆರಿಕದ ಸಿನ್ಸಿನಾಟಿಯಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ಕಾರು ಓಡಿಸಿದರೆ ಇಂಡಿಯಾನಾದ ಲಾರೆನ್ಸ್‌ಬರ್ಗ್ ಸಿಗುತ್ತದೆ. ಅದರ ಎದುರಿಗೆ, ಒಹಾಯೊ ನದಿಯ ಆಚೆ ದಡ ಕೆಂಟಕಿಗೆ ಸೇರಿದ್ದು. ಅಲ್ಲಿ ಪೀಟರ್ಸ್‌ಬರ್ಗ್ ಹತ್ತಿರ ಟೇಲರ್ ಕ್ರೀಕ್ ಎಂಬ ಹಳ್ಳ ನದಿಗೆ ಸೇರುತ್ತದೆ. ಆ ಹಳ್ಳದೊಳಗೆ 186 ಅಡಿ ಉದ್ದದ ಹಡಗೊಂದು ತುಕ್ಕು ಹಿಡಿದು ಕೂತಿದೆ. ಇಲ್ಲಿನವರು ಅದನ್ನು ಭೂತದ ಹಡಗು ಅಂತಾರೆ. ನನಗೆ ಆ ಹೆಸರು ಅಷ್ಟು ಹಿಡಿಸುವುದಿಲ್ಲ. ಇಷ್ಟು ಸ್ಪಷ್ಟವಾಗಿ ದಾಖಲೆ ಇರುವ ಹಡಗು ಭೂತ ಹೇಗಾಗುತ್ತೆ?

ವಾರಾಂತ್ಯಕ್ಕೆ ಕಯಾಕ್ ಎಂಬ ಸಪೂರ ಹುಟ್ಟುದೋಣಿ ಹತ್ತುವುದು, ಹಳೆಯ ಹಡಗುಗಳ ಬಗ್ಗೆ ಓದುವುದು, ನನಗಿರುವುದು ಇವೆರಡೇ ಹುಚ್ಚು. ಎರಡೂ ಒಂದೇ ಕಡೆ ಸೇರುವುದು ಅಪರೂಪ, ಅದಕ್ಕೇ ಹೊರಟೆ. ಆದರೆ ಮೊದಲು ನೀರಿಗಿಳಿಯಲಿಲ್ಲ, ಕಾಗದಕ್ಕೆ ಇಳಿದೆ. ಯಾರಾದರೂ ಇಂಥ ಹಡಗು ನೋಡಲು ಹೋಗುವುದಾದರೆ ನಾನು ಹೇಳುವುದೂ ಅದನ್ನೇ. ಓದದೆ ಹೋದರೆ ಕಾಣುವುದು ಸುಮ್ನೆ ಒಂದು ತುಕ್ಕಿನ ಗುಡ್ಡೆ.

ಅಮೆರಿಕದ ನೌಕಾಪಡೆ ತನ್ನ ಪ್ರತಿಯೊಂದು ಹಡಗಿನ ಚಿಕ್ಕ ಚರಿತ್ರೆಯನ್ನು ನಿಘಂಟಿನ ರೂಪದಲ್ಲಿ ಬರೆದಿಟ್ಟಿದೆ. ಅದು ಆನ್‌ಲೈನ್‌ನಲ್ಲಿ ಉಚಿತ. ಅಲ್ಲಿ ಹುಡುಕಿದಾಗ ಈ ಹಡಗಿಗೆ ಎರಡು ನಮೂದು ಸಿಕ್ಕಿತು, ಎರಡು ಬೇರೆ ಹೆಸರಲ್ಲಿ. ಒಂದು ಸೇಚಮ್, ಇನ್ನೊಂದು ಫೆನಕೈಟ್. ಒಂದೊಂದು ಮಹಾಯುದ್ಧಕ್ಕೆ ಒಂದೊಂದು ಹೆಸರು.

ಹುಟ್ಟಿದಾಗ ಇದರ ಹೆಸರು ಕೆಲ್ಟ್. ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ ಪ್ಯೂಸಿ ಅಂಡ್ ಜೋನ್ಸ್ ಕಂಪನಿ ಕಟ್ಟಿ, 1902ರ ಏಪ್ರಿಲ್ 12ರಂದು ನೀರಿಗೆ ಬಿಟ್ಟಿತು. ಜೆ. ರೋಜರ್ಸ್ ಮ್ಯಾಕ್ಸ್‌ವೆಲ್ ಎಂಬ ರೈಲ್ವೆ ಸಾಹುಕಾರನಿಗಾಗಿ ಕಟ್ಟಿದ ಉಕ್ಕಿನ ವಿಹಾರ ನೌಕೆ. ಅಗಲ 22 ಅಡಿಗಿಂತ ಸ್ವಲ್ಪ ಜಾಸ್ತಿ. ಉದ್ದಕ್ಕೆ ಹೋಲಿಸಿದರೆ ತೀರಾ ತೆಳ್ಳಗೆ, ಅಲ್ವಾ? ವೇಗಕ್ಕೆಂದೇ ಮಾಡಿದ ಮೈ ಅದು. ಆಮೇಲೆ ಮ್ಯಾಂಟನ್ ಮೆಟ್‌ಕಾಫ್ ಎಂಬವನು ಕೊಂಡು ಸೇಚಮ್ ಎಂದು ಹೆಸರಿಟ್ಟ.

1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ನೌಕಾಪಡೆಗೆ ಕರಾವಳಿ ಕಾಯಲು ಸಣ್ಣ ಹಡಗುಗಳು ಬೇಕಿದ್ದವು. ಹೊಸದಾಗಿ ಕಟ್ಟಲು ಸಮಯ ಎಲ್ಲಿದೆ? ಶ್ರೀಮಂತರ ವಿಹಾರ ನೌಕೆಗಳನ್ನೇ ತೆಗೆದುಕೊಂಡರು. ಸೇಚಮ್ ಆಗಸ್ಟ್ 19ರಂದು ಪಡೆಗೆ ಸೇರಿತು, ಎಸ್‌ಪಿ 192 ಎಂಬ ನಂಬರ್‌ನೊಂದಿಗೆ. ಅದರ ಮೇಲೆ ಬಂದು ಉಳಿದವರು ಥಾಮಸ್ ಎಡಿಸನ್. ಆಗ ಅವರಿಗೆ 70 ವರ್ಷ. ನೌಕಾ ಸಲಹಾ ಮಂಡಳಿಯ ಮುಖ್ಯಸ್ಥರಾಗಿ, ಹೆಂಡತಿ ಮೀನಾ ಜೊತೆ ಇದೇ ಹಡಗಲ್ಲಿದ್ದುಕೊಂಡು ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್ ಸೌಂಡ್ ಎಂಬ ಸಮುದ್ರದ ಕವಲಿನಲ್ಲಿ ಪ್ರಯೋಗ ಮಾಡಿದರು. ಜಲಾಂತರ್ಗಾಮಿಯ ಸದ್ದನ್ನು ನೀರಿನೊಳಗಿಂದಲೇ ಕೇಳಿಸಿಕೊಳ್ಳುವುದು ಹೇಗೆ? ಟಾರ್ಪಿಡೊ ಬಂದಾಗ ಕ್ಯಾನ್ವಾಸಿನ ದೊಡ್ಡ ಚೀಲಗಳನ್ನು ನೀರಿಗೆ ಬಿಟ್ಟು ಹಡಗನ್ನು ಥಟ್ಟನೆ ತಿರುಗಿಸಬಹುದಾ? ಇಂಥವು. ತಾನು ಕೊಟ್ಟ ಒಂದನ್ನೂ ನೌಕಾಪಡೆ ಬಳಸಲಿಲ್ಲ ಎಂದು ಅವರಿಗೆ ಮುಂದೆ ತುಂಬ ಬೇಸರವಿತ್ತು.

1919ರ ಫೆಬ್ರವರಿಯಲ್ಲಿ ಹಡಗು ಮಾಲೀಕನಿಗೆ ವಾಪಸ್. 1929ರ ಆರ್ಥಿಕ ಕುಸಿತದ ನಂತರ ಬ್ರೂಕ್ಲಿನ್‌ನ ಒಬ್ಬರ ಕೈಗೆ ಬಂದು, ದುಡ್ಡು ಕೊಟ್ಟವರನ್ನು ಮೀನು ಹಿಡಿಯಲು ಕರೆದೊಯ್ಯುವ ದೋಣಿಯಾಯಿತು. ಎರಡು ಯುದ್ಧಗಳ ನಡುವೆ ಹಬೆ ಎಂಜಿನ್ ಹೋಗಿ ಡೀಸೆಲ್ ಬಂತು. 1942ರ ಫೆಬ್ರವರಿ 17ರಂದು ನೌಕಾಪಡೆ ಮತ್ತೆ ಕೊಂಡಿತು, 65,000 ಡಾಲರ್ ಕೊಟ್ಟು. ನ್ಯೂಯಾರ್ಕಿನ ಸಿಟಿ ಐಲ್ಯಾಂಡ್‌ನಲ್ಲಿ ಮಾರ್ಪಾಡು. ಜುಲೈ 1ಕ್ಕೆ ಫೆನಕೈಟ್ ಆಗಿ ಸೇವೆಗೆ. ಆ ಕಾಲದಲ್ಲಿ ಇಂಥ ಎಷ್ಟೋ ನೌಕೆಗಳಿಗೆ ರತ್ನ, ಖನಿಜಗಳ ಹೆಸರಿಟ್ಟರು: ಜೇಡ್, ಜಿರ್ಕಾನ್, ಟರ್ಕಾಯ್ಸ್. ಸಾಹುಕಾರರ ದೋಣಿಗಳಿಗೆ ತಕ್ಕ ಹೆಸರೇ.

ನನಗೆ ಅರ್ಥವಾಗದೆ ಕಾಡಿದ್ದು ಒಂದೇ. ಮೀನುಗಾರರನ್ನು ಹೊತ್ತ ಹಳೇ ದೋಣಿ ಜರ್ಮನ್ ಜಲಾಂತರ್ಗಾಮಿಯನ್ನು ಏನು ಮಾಡೀತು? ಆ ವರ್ಷ ಜನವರಿಯಿಂದಲೇ ಯು-ಬೋಟ್‌ಗಳು ಪೂರ್ವ ಕರಾವಳಿಯಲ್ಲಿ ತೈಲ ಹಡಗುಗಳನ್ನು ಸಾಲಾಗಿ ಮುಳುಗಿಸುತ್ತಿದ್ದವು. ನೀರ ಮೇಲಿದ್ದಾಗ ಒಂದು ಯು-ಬೋಟ್ 17 ನಾಟ್ (ಗಂಟೆಗೆ ಸುಮಾರು 31 ಕಿ.ಮೀ.) ವೇಗದಲ್ಲಿ ಓಡುತ್ತಿತ್ತು. ಇಂಥ ನೌಕೆಗಳಲ್ಲಿ ಹಲವಕ್ಕೆ ಅಷ್ಟೂ ವೇಗವಿರಲಿಲ್ಲ. ಆದರೆ ನೀರಡಿಗೆ ಹೋದರೆ ಯು-ಬೋಟ್ 7-8 ನಾಟ್‌ಗೆ ಇಳಿಯುತ್ತದೆ, ಅದೂ ಬ್ಯಾಟರಿ ಇರುವಷ್ಟು ಹೊತ್ತು. ಅಲ್ಲಿಗೆ ವಿಷಯ ಬಗೆಹರಿಯಿತು. ಕಾವಲು ನೌಕೆ ಅದನ್ನು ಮುಳುಗಿಸಲೇಬೇಕು ಅಂತಿಲ್ಲ. ಬೀದಿಯಲ್ಲಿ ಸೀಟಿ ಊದುತ್ತಾ ನಡೆಯುವ ಗೂರ್ಖನ ಹಾಗೆ, ಅಲ್ಲಿ ಇದ್ದರೆ ಸಾಕು. ಶತ್ರು ನೀರಡಿ ಅಡಗಬೇಕಾಗುತ್ತೆ, ಅಷ್ಟರಲ್ಲಿ ಸರಕು ಹಡಗು ದಾಟಿ ಹೋಗುತ್ತೆ.

ಹಾಗಂತ ಇದು ಆಟವಲ್ಲ. ಸ್ಕಾಟ್ಲೆಂಡಿನ ಲೀತ್‌ನಲ್ಲಿ 1907ರಲ್ಲಿ ಕಟ್ಟಿದ ಸಿಥೆರಾ ಎಂಬ ವಿಹಾರ ನೌಕೆ ಕೂಡ ಎರಡೂ ಯುದ್ಧಗಳಲ್ಲಿ ದುಡಿಯಿತು. 1942ರ ಮೇ 2ರಂದು ನಾರ್ತ್ ಕೆರೊಲೈನಾ ಕರಾವಳಿಯಾಚೆ ಯು-402 ಅದಕ್ಕೆ ಟಾರ್ಪಿಡೊ ಹೊಡೆಯಿತು. ತೆಳ್ಳನೆಯ ಮೈ ಮುರಿದುಹೋಯಿತು. ಮುಳುಗುವಾಗ, ಜಲಾಂತರ್ಗಾಮಿಗಳ ಮೇಲೆ ಹಾಕಲು ಇಟ್ಟಿದ್ದ ನೀರೊಳಗೆ ಸಿಡಿಯುವ ಬಾಂಬ್‌ಗಳು, ಅಂದರೆ ಅದರದ್ದೇ ಡೆಪ್ತ್ ಚಾರ್ಜ್‌ಗಳೂ ಸಿಡಿದವು. ಬದುಕಿದವರು ಇಬ್ಬರೇ, ಅವರನ್ನು ಎತ್ತಿಕೊಂಡಿದ್ದೂ ಹೊಡೆದ ಯು-ಬೋಟೇ. ಕೆನಡಾದ ರಕೂನ್ ಕೂಡ ಹೀಗೆಯೇ ವಿಹಾರ ನೌಕೆಯಾಗಿದ್ದದ್ದು. ಅದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸೇಂಟ್ ಲಾರೆನ್ಸ್‌ನಲ್ಲಿ ಮುಳುಗಿತು. ಒಬ್ಬರೂ ಉಳಿಯಲಿಲ್ಲ. ಫೆನಕೈಟ್‌ಗೆ ಅದೃಷ್ಟವಿತ್ತು. ಅದು ಫ್ಲಾರಿಡಾದ ಕೀಸ್ ದ್ವೀಪಗಳ ಆಸುಪಾಸು ಕಾವಲಿತ್ತು, ಕೊನೆಕೊನೆಗೆ ಸೋನಾರ್ (ಸದ್ದಿನ ಮೂಲಕ ನೀರೊಳಗಿನದ್ದನ್ನು ಪತ್ತೆಹಚ್ಚುವ ಸಾಧನ) ಪರೀಕ್ಷೆಗೆ ಬಳಕೆಯಾಯಿತು. ಎಡಿಸನ್ ಕಿವಿಗೊಟ್ಟು ಕೇಳಲು ಹೊರಟಿದ್ದ ಸದ್ದನ್ನು ಅದೇ ಹಡಗು ಇನ್ನೊಂದು ಯುದ್ಧದಲ್ಲಿ ಕೇಳಿತು.

ಇನ್ನು ನದಿ. ಲಾರೆನ್ಸ್‌ಬರ್ಗ್ ಕಡೆಯಿಂದ ಕಯಾಕ್ ಇಳಿಸಿದರೆ ನೀರು ಮುಟ್ಟಿದ ಕೂಡಲೇ ಹೆಚ್ಚುಕಮ್ಮಿ ಕೆಂಟಕಿಯಲ್ಲೇ ಇರುತ್ತೀರಿ. 1792ರ ಉತ್ತರ ದಡದ ನೀರಿನ ಗೆರೆಯೇ ರಾಜ್ಯದ ಗಡಿ, ನದಿ ಬಹುಪಾಲು ಅವರದ್ದು. ಕಾವೇರಿ ಜಗಳ ನೋಡಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸುತ್ತೆ!

ಹೊರಡುವ ಮುಂಚೆ ಸಿನ್ಸಿನಾಟಿ ಗೇಜ್‌ನಲ್ಲಿ ನೀರಿನ ಮಟ್ಟ ನೋಡುತ್ತೇನೆ. ಅಲ್ಲಿ 52 ಅಡಿ ಅಂದರೆ ಪ್ರವಾಹ. ಅದರ ಹತ್ತಿರಕ್ಕೂ ಬರುವ ಮುಂಚೆಯೇ ನದಿ ಮರದ ದಿಮ್ಮಿಗಳನ್ನು ಹೊತ್ತು ತರುತ್ತದೆ, ಆಗ ಹೋಗಲೇಬಾರದು. ನೀರು ಶಾಂತವಾಗಿದ್ದರೂ ದಿಮ್ಮಿಗಿಂತ ದೊಡ್ಡ ಭಯ ಬಾರ್ಜ್, ಅಂದರೆ ಸರಕು ಹೊರುವ ಚಪ್ಪಟೆ ದೋಣಿ. ಒಂದು ಟೋ-ಬೋಟ್ ಹದಿನೈದು ಬಾರ್ಜ್‌ಗಳನ್ನು ಒಟ್ಟಿಗೆ ಕಟ್ಟಿ ತಳ್ಳಿಕೊಂಡು ಬರುತ್ತೆ. ಸಾವಿರ ಅಡಿ ಉದ್ದ. ತುದಿಯ ಮುಂದೆ ಇರುವ ಕಯಾಕ್ ಅದರ ಕ್ಯಾಪ್ಟನ್‌ಗೆ ಕಾಣುವುದೇ ಇಲ್ಲ, ಕಂಡರೂ ನಿಲ್ಲಿಸಲಾರ. ಅದಕ್ಕೇ ನಾನು ವಿಎಚ್‌ಎಫ್ ರೇಡಿಯೊವನ್ನು ಹಡಗುಗಳು ತಮ್ಮತಮ್ಮಲ್ಲಿ ಮಾತಾಡುವ 13ನೇ ಚಾನೆಲ್‌ನಲ್ಲಿ ಇಟ್ಟಿರುತ್ತೇನೆ. ಮೇಲೂ ಕೆಳಗೂ ನೋಡಿ, ಏನೂ ಬರುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ನೇರ ಅಡ್ಡ ದಾಟುತ್ತೇನೆ. ಓರೆಯಾಗಿ ಹೋದರೆ ನಡು ನದಿಯಲ್ಲಿ ಜಾಸ್ತಿ ಹೊತ್ತು ಇರಬೇಕಾಗುತ್ತೆ. ಬಾರ್ಜ್ ಹೋದ ಮೇಲೂ ಅಲೆ ಬರುತ್ತೆ, ಅದಕ್ಕೆ ಕಯಾಕ್‌ನ ಮೂತಿ ಕೊಟ್ಟು ನಿಲ್ಲಬೇಕು. ಲೈಫ್ ಜಾಕೆಟ್ ಬಗ್ಗೆ ಹೇಳಬೇಕಾ?

ಬೇಸಿಗೆಯಲ್ಲಿ ಹೋದವರು ಎಲೆಗಳನ್ನು ನೋಡಿ ಬರುತ್ತಾರೆ. ಹಡಗಿನ ಸುತ್ತ ಅಷ್ಟು ಮರ, ಬಳ್ಳಿ. ನಾನು ಎಲೆ ಉದುರಿದ ಮೇಲೆ, ನೀರು ತೀರಾ ತಣ್ಣಗಾಗುವ ಮುಂಚಿನ ದಿನಗಳನ್ನು ಆರಿಸಿಕೊಂಡೆ. ಹಳ್ಳದ ಬಾಯಿ ಇಕ್ಕಟ್ಟು, ನೀರಡಿಯಲ್ಲಿ ಕೊಂಬೆಗಳು. ಸುತ್ತಲ ಜಾಗ ಖಾಸಗಿಯವರದ್ದು, ದಡ ಹತ್ತುವಂತಿಲ್ಲ. ಹಡಗಿನ ಮೇಲಂತೂ ಕಾಲಿಡಲೇಬಾರದು. ಡೆಕ್ಕಿನ ತಗಡು ತುಕ್ಕು ತಿಂದು ಹೋಗಿದೆ. ನೀರಲ್ಲೇ ಕೂತು ಬೈನಾಕ್ಯುಲರ್ ಮತ್ತು ಜೂಮ್ ಲೆನ್ಸ್‌ನಲ್ಲಿ ನೋಡಿದರೆ ಬೇಕಾದಷ್ಟು ಕಾಣುತ್ತೆ.

ನಾನು ಹುಡುಕಿಕೊಂಡು ಹೋಗಿದ್ದು ಯುದ್ಧದ ಗುರುತು. ಬಂದೂಕು ಕೂರಿಸಿದ ಕಟ್ಟೆ, ಡೆಪ್ತ್ ಚಾರ್ಜ್ ಉರುಳಿಸುವ ಹಳಿ, ಏನಾದರೂ. ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ಓದಿದ್ದು ನೆನಪಾದಾಗ ಕಾರಣವೂ ಹೊಳೆಯಿತು. ಎರಡೂ ಸಲ ಈ ಹಡಗು ಹಳೆಯ ಮಾಲೀಕನಿಗೇ ವಾಪಸ್ ಹೋಗಿದೆ. ಸಿಗರೇಟು ಸೇದುವ ಕೋಣೆ ಕಿತ್ತು ಮದ್ದುಗುಂಡಿನ ಕೋಣೆ ಮಾಡಿದ್ದರೂ ಅದನ್ನು ಯುದ್ಧ ಮುಗಿದ ಮೇಲೆ ಯಾರು ಇಟ್ಟುಕೊಳ್ಳುತ್ತಾರೆ? ಅದರ ಮೇಲೆ 1945ರ ನಂತರ ಇದು ಸರ್ಕಲ್ ಲೈನ್ ಕಂಪನಿಗೆ ಹೋಗಿ ಮ್ಯಾನ್‌ಹಾಟನ್ ಸುತ್ತ ಪ್ರವಾಸಿಗರನ್ನು ಸುತ್ತಿಸಿತು, ಸರ್ಕಲ್ ಲೈನ್ 5 ಎಂಬ ಹೆಸರಲ್ಲಿ. ಮೇಲೆ ಈಗ ಕಾಣುವ ಕಟ್ಟಡ ಹೆಚ್ಚಾಗಿ ಆ ದಿನಗಳದ್ದು. 1980ರ ದಶಕದಲ್ಲಿ ಈ ಕಡೆಯ ಒಬ್ಬರು ಕೊಂಡು, ನ್ಯೂಯಾರ್ಕಿನಿಂದ ಗ್ರೇಟ್ ಲೇಕ್ಸ್ ಸರೋವರಗಳು, ಮಿಸಿಸಿಪಿ ನದಿ ಎಲ್ಲ ಸುತ್ತಿ ಇಲ್ಲಿಗೆ ತಂದರು.

ಹಾಗಾಗಿ ಮೇಲೆ ನೋಡುವುದು ಬಿಟ್ಟು ಕೆಳಗೆ ನೋಡಿದೆ. ಮೈಯ ಉಕ್ಕಿನ ಹಲಗೆಗಳು, ಅವುಗಳನ್ನು ಜೋಡಿಸಿದ ದಪ್ಪ ಮೊಳೆಗಳು, ಸಾಲು ಸಾಲು ರಿವೆಟ್‌ಗಳು. ವೆಲ್ಡಿಂಗ್ ಬರುವ ಮುಂಚಿನ ಕೆಲಸ, 1902ರದ್ದು. ಎರಡೂ ಯುದ್ಧಕ್ಕೆ ಹೋಗಿ ಬಂದಿದ್ದು ಈ ಮೈ. ಬಾಕಿ ಎಲ್ಲ ಬದಲಾಗಿದೆ. ನಾನು ತೆಗೆದ ಫೋಟೊಗಳಲ್ಲಿ ಬಹುಪಾಲು ರಿವೆಟ್‌ಗಳದ್ದೇ. ಮನೆಯಲ್ಲಿ ತೋರಿಸಿದರೆ ಯಾರಿಗೂ ಆಸಕ್ತಿ ಇಲ್ಲ, ಬಿಡಿ.

ಹುಟ್ಟು ಹಾಕಲು ಆಗದವರಿಗೆ, ಮಕ್ಕಳನ್ನು ಕರೆದೊಯ್ಯುವವರಿಗೆ ನನ್ನ ಸಲಹೆ ಸ್ಯಾನ್ ಡಿಯಾಗೋ. ಅಲ್ಲಿನ ಮ್ಯಾರಿಟೈಮ್ ಮ್ಯೂಸಿಯಂನಲ್ಲಿ ಮೆಡಿಯಾ ಎಂಬ ನೌಕೆ ಇದೆ. 1904ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಟ್ಟಿದ್ದು. ಮೊದಲ ಯುದ್ಧದಲ್ಲಿ ಫ್ರೆಂಚ್ ನೌಕಾಪಡೆಯಲ್ಲಿ, ಎರಡನೆಯದರಲ್ಲಿ ಬ್ರಿಟಿಷರ ಕೈಯಲ್ಲಿ ದುಡಿದಿದೆ. ಹಿತ್ತಾಳೆ ಹೊಳೆಯುತ್ತೆ, ಮರದ ಕೆಲಸ ಹೊಸದರ ಹಾಗಿದೆ. ಟಿಕೆಟ್ ತಗೊಂಡು ಒಳಗೇ ಓಡಾಡಬಹುದು. ಸೇಚಮ್‌ನಲ್ಲಿ ಮೀನಾ ಎಡಿಸನ್ ಊಟ ಮಾಡಿದ ಕೋಣೆ ಹೇಗಿದ್ದಿರಬಹುದು ಎಂದು ಊಹಿಸಲು ಟೇಲರ್ ಕ್ರೀಕ್‌ಗಿಂತ ಅದೇ ಒಳ್ಳೆಯ ಜಾಗ.