ಗುದ್ದಲಿ ಪೂಜೆ ನಾಯಕರ ಪ್ರತಿಮೆ: ಕಾಗದದಲ್ಲೇ ಮಾಡಿ ನಿಲ್ಸಿದ ನನ್ನ ಅನುಭವ

ಫೈಬರ್ (ಗಾಜಿನ ನಾರು, ಗಟ್ಟಿಯಾಗೋ ರೆಸಿನ್ ಅಂಟು ಸೇರಿಸಿ ಮಾಡೋದು) ಇಲ್ದೆ ರಸ್ತೇಲಿ ಪ್ರತಿಮೆ ನಿಲ್ಲಲ್ಲ ಅಂತ ನಮ್ಮ ಕಡೆ ಎಲ್ರೂ ಹೇಳ್ತಿದ್ರು. ದಸರಾ ಸ್ತಬ್ಧಚಿತ್ರಕ್ಕೆ ಜೊತೇಲಿ ಕೆಲಸ ಮಾಡೋರು, ಗಣೇಶ ಮಾಡೋ ಅಣ್ಣ, ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಓದಿದ ಫ್ರೆಂಡ್ಸು, ಎಲ್ಲರದ್ದೂ ಒಂದೇ ಮಾತು, ಕಾಗದ ಕಣೋ, ಒಂದು ಮಳೆಗೆ ಮುದ್ದೆ ಆಗುತ್ತೆ. ಆಗ್ಲಿಲ್ಲ. ಮೈಸೂರಿನ ಹೊರಗಡೆ ಒಂದು ಬಡಾವಣೇಲಿ ಆರಡಿ ಕಾಗದದ ನಾಯಕರು ಗುದ್ದಲಿ ಹಿಡ್ಕೊಂಡು ಹತ್ತತ್ರ ಎರಡು ವಾರ ನಿಂತಿದ್ರು, ಮಧ್ಯೆ ಜೋರು ಮಳೇನೂ ಬಂತು, ಬಣ್ಣ ಕೂಡ ಏಳಲಿಲ್ಲ. ಅದಕ್ಕೇ ಬರೀತಿದ್ದೀನಿ.

ಜಾಗದ ಕತೆ ನಿಮಗೆ ಗೊತ್ತಿರೋದೇ. ಶಂಕುಸ್ಥಾಪನೆ ಕಲ್ಲು ಇದೆ, ಕರಿ ಗ್ರಾನೈಟ್ ಮೇಲೆ ಚಿನ್ನದ ಅಕ್ಷರ, ಹೆಸರುಗಳ ಸಾಲು, ರಸ್ತೆ ಮಾತ್ರ ಇಲ್ಲ. ಮಳೆ ಬಂದ್ರೆ ಸ್ಕೂಲ್ ಮಕ್ಕಳು ಚಪ್ಪಲಿ ಕೈಲಿ ಹಿಡ್ಕೊಂಡು ಹೋಗ್ಬೇಕು. ಅರ್ಜಿ ಕೊಟ್ಟು ಕೊಟ್ಟು ಜನಕ್ಕೆ ಸಾಕಾಗಿತ್ತು. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರು ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡೀಲಿ ಮೊಸಳೆ ಪ್ರತಿಮೆ ಬಿಟ್ಟಿದ್ದು, 2019ರಲ್ಲಿ ಚಂದ್ರಯಾನ-2 ಹೊತ್ತಲ್ಲಿ ಗುಂಡಿ ರಸ್ತೆ ಮೇಲೆ ಗಗನಯಾತ್ರಿ ವೇಷದೋರನ್ನ ನಡೆಸಿದ್ದು, ಎರಡೂ ತಲೇಲಿತ್ತು. ಮೊಸಳೆಗೆ ಸುಮಾರು 6 ಸಾವಿರ, 20 ಕೆಜಿ ಅಂತ ಆಗ ಪೇಪರಲ್ಲಿ ಬಂದಿತ್ತು. ನನಗೆ ಅಷ್ಟೇ ದುಡ್ಡಲ್ಲಿ ನಿಂತಿರೋ ಮನುಷ್ಯ ಬೇಕಿತ್ತು, ಅದೇ ಕಷ್ಟ, ಮಲಗಿರೋದು ಹೆಂಗೋ ಆಗುತ್ತೆ.

ಮೊದಲು ಫೈಬರಲ್ಲೇ ಮಾಡಿದ್ದು. ಮೋಲ್ಡು, ರೆಸಿನ್ನು, ಗಾಜಿನ ನಾರಿನ ಮ್ಯಾಟು, ರೆಸಿನ್ ಗಟ್ಟಿ ಮಾಡೋ ಹಾರ್ಡ್ನರ್ರು ಎಲ್ಲ ಸೇರಿ ಹದಿನಾಲ್ಕು ಹದಿನೈದು ಸಾವಿರ ಹೋಯ್ತು, ಅದೂ ಅಂಗಡಿಯವರು ಕೊಟ್ಟ ಹಳೇ ರೆಸಿನ್ ಸರಿಯಾಗಿ ಸೆಟ್ ಆಗ್ದೆ ಎದೆ ಭಾಗ ಅಂಟಂಟಾಗೇ ಉಳೀತು. ಎತ್ತೋಕೆ ನಾಲ್ಕು ಜನ ಬೇಕು. ಆಮೇಲೆ ಥರ್ಮಾಕೋಲ್ ಮೇಲೆ ಬಟ್ಟೆ ಸುತ್ತಿ ನೋಡಿದೆ, ಗಾಳಿಗೆ ಮಗುಚ್ಕೊಂಡು ಕುತ್ತಿಗೆ ಹೋಯ್ತು. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬಗ್ಗೆ ಮಾತೇ ಬೇಡ, ಆಟೋದಲ್ಲಿ ಒಂದು ಹಂಪ್ ಹಾರಿದ್ರೆ ಬಿರುಕು.

ಕಾಗದಕ್ಕೆ ಬಂದಿದ್ದು ಗೊಂಬೆಗೆ ಹೆಸರಾದ ಕೊಪ್ಪಳದ ಕಿನ್ನಾಳಕ್ಕೆ ಹೋಗಿ ಬಂದ್ಮೇಲೆ. ಅಲ್ಲಿ ಚಿತ್ರಗಾರರು ಹುಣಸೆ ಬೀಜದ ಅಂಟಲ್ಲಿ ಹಳೇ ಗೋಣಿ ಚಿಂದಿ, ಮರದ ಹೊಟ್ಟು ಹಾಕಿ ಕೆಲಸ ಮಾಡ್ತಾರೆ, ಮೇಲೆ ಕಲ್ಲಿನ ಪುಡಿ ಲೇಪ. ಒಣಗಿದ್ರೆ ಉಗುರು ಇಳಿಯಲ್ಲ. ನಾನು ಮಾಡಿದ್ದು ಇಷ್ಟು: ಒಳಗೆ ಬಿದಿರು, ಅದರ ಮೇಲೆ ಕೋಳಿ ಜಾಲರಿ, ಮೇಲೆ ಒಂದು ಪದರ ಗೋಣಿ ಒಂದು ಪದರ ಕಾಗದ, ಹಿಂಗೇ ಎಂಟು ಹತ್ತು ಪದರ, ಪ್ರತಿ ಪದರ ಪೂರ್ತಿ ಒಣಗಿದ್ಮೇಲೇ ಮುಂದಿಂದು. ಅವಸರ ಮಾಡಿದ್ರೆ ಒಳಗೇ ಬೂಸ್ಟು ಬರುತ್ತೆ. ಅಂಟಿಗೆ ಹುಳ ಬೀಳದಿರಲಿ ಅಂತ ಮೈಲುತುತ್ತ (ತಾಮ್ರದ ಸಲ್ಫೇಟ್, ವಿಷ) ಹಾಕೋರು ಇದಾರೆ, ದಯವಿಟ್ಟು ರಸ್ತೇಲಿ ಇಡೋದಕ್ಕೆ ಹಾಕ್ಬೇಡಿ, ಬೀದಿ ಹಸು ನೆಕ್ಕುತ್ತೆ. ನಾನು ಬೇವಿನೆಣ್ಣೆ ಹಾಕಿದೆ. ಕೊನೇ ಲೇಪ, ನೀರು ತಡೆಯೋದು, ಅದು ಏನು ಅಂತ ಇಲ್ಲಿ ಹೇಳಲ್ಲ, ಅದಕ್ಕೆ ಒಂದು ಪೂರ್ತಿ ಮಳೆಗಾಲ ತಾರಸಿ ಮೇಲೆ ತುಂಡು ತುಂಡು ಇಟ್ಟು ನೋಡಿದ್ದೀನಿ. ಅಂಗಡೀಲಿ ಸಿಗೋ ವಾರ್ನಿಷ್ ಅಂತೂ ಅಲ್ಲ. ಒಟ್ಟು ಖರ್ಚು ಮೂರೂವರೆ ಸಾವಿರದ ಒಳಗೆ, ತೂಕ ಹನ್ನೆರಡು ಹದಿಮೂರು ಕೆಜಿ, ಇಬ್ರು ಆರಾಮಾಗಿ ಎತ್ಬೋದು.

ಈಗ ಮುಖದ ವಿಷಯ. ಯಾರ ಮುಖಾನೂ ಮಾಡ್ಬೇಡಿ. ಅಮೆರಿಕದಲ್ಲಿ 2016ರ ಆಗಸ್ಟಲ್ಲಿ ಟ್ರಂಪ್ ಬೆತ್ತಲೆ ಪ್ರತಿಮೆ ಐದು ಊರಲ್ಲಿ ಒಂದೇ ದಿನ ನಿಲ್ಸಿದ್ರು, ನ್ಯೂಯಾರ್ಕಲ್ಲಿ ಕೆಲವೇ ಗಂಟೇಲಿ ಎತ್ತಿದ್ರು. 2025ರ ಸೆಪ್ಟೆಂಬರಲ್ಲಿ ವಾಷಿಂಗ್ಟನ್ನಲ್ಲಿ ಟ್ರಂಪು, ಲೈಂಗಿಕ ಅಪರಾಧಿ ಎಪ್‌ಸ್ಟೀನು ಕೈ ಕೈ ಹಿಡ್ಕೊಂಡಿರೋ ಪ್ರತಿಮೆಗೆ ಪರ್ಮಿಟ್ಟೇ ಇತ್ತು, ಆದ್ರೂ ಮರುದಿನ ಕಿತ್ರು. ನಮ್ಮಲ್ಲಿ ಮುಖ ಇಟ್ರೆ ಪಕ್ಷದ ಜಗಳ ಆಗುತ್ತೆ, ರಸ್ತೆ ಮರ್ತೇಹೋಗುತ್ತೆ. ನಾನು ಮುಖ ನುಣುಪಾಗಿ ಖಾಲಿ ಬಿಟ್ಟೆ, ಆದ್ರೆ ಭಂಗಿ ಮಾತ್ರ ಪಕ್ಕಾ: ಪಂಚೆ, ಹೆಗಲಿಗೆ ಶಲ್ಯ, ತಲೆಗೆ ಪೇಟ, ಗುದ್ದಲಿ ನೆಲಕ್ಕೆ ತಾಗೇ ಇಲ್ಲ, ಕತ್ತು ಕ್ಯಾಮೆರಾ ಕಡೆ. ನೋಡಿದ ಪ್ರತಿಯೊಬ್ರೂ ಇದು ನಮ್ಮೋರೇ ಅಂತ ಗುರುತು ಹಿಡಿದ್ರು, ಒಬ್ಬೊಬ್ರು ಒಂದೊಂದು ಹೆಸರು ಹೇಳಿದ್ರು. ಕಾರ್ಟೂನ್ ಥರ ದೊಡ್ಡ ಹೊಟ್ಟೆ ಗಿಟ್ಟೆ ಬೇಡ, ಸರ್ಕಾರೀ ಪ್ರತಿಮೆ ಥರ ಗಂಭೀರವಾಗಿ, ಕಂಚಿನ ಬಣ್ಣದಲ್ಲಿ ಇರ್ಬೇಕು. ಕೆಳಗೆ ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಮೇಲೆ ಗ್ರಾನೈಟ್ ಸ್ಟಿಕ್ಕರು, "ಉದ್ಘಾಟನೆ: ದಿನಾಂಕ" ಅಂತ ಬರೆದು ಮುಂದೆ ಖಾಲಿ.

ಮಧ್ಯೆ ಬೇರೆ ಪ್ರಯೋಗಾನೂ ಆಯ್ತು. ಗುದ್ದಲಿ ಆಡೋ ಥರ ಗುಜರಿ ವೈಪರ್ ಮೋಟರ್ ಹಾಕಿದೆ, ಚೆನ್ನಾಗೇ ಆಡ್ತಿತ್ತು, ಬ್ಯಾಟರಿ ರಾತ್ರಿ ಯಾರೋ ಹೊತ್ಕೊಂಡೋದ್ರು. ಹೆಗಲ ಮೇಲೆ ತೆಂಗಿನ ನಾರಿನ ಪುಡಿ ಇಟ್ಟು ರಾಗಿ ಚೆಲ್ಲಿದ್ದು ಮಾತ್ರ ಸಖತ್ತಾಗಿ ವರ್ಕ್ ಆಯ್ತು, ನಾಲ್ಕೈದು ದಿನಕ್ಕೆ ಹಸಿರು ಪೈರು, ಎಷ್ಟು ಕಾಲದಿಂದ ನಿಂತಿದಾರೆ ಅಂತ ಹೇಳ್ಬೇಕಾದ್ದೇ ಇಲ್ಲ. ಮುದುಕಿಯೊಬ್ರು ದಿನಾ ಬಂದು ನೀರು ಹಾಕ್ತಿದ್ರು.

ಸಾಗಿಸೋಕೆ ಗೌರಿ ಗಣೇಶ ಹಬ್ಬದ ವಾರ ಸರಿ. ಟಾಟಾ ಏಸಲ್ಲಿ ಮುಖಕ್ಕೆ ಬಟ್ಟೆ ಕಟ್ಟಿರೋ ಪ್ರತಿಮೆ ಹೋದ್ರೆ ಯಾರೂ ಕೇಳಲ್ಲ. ಮಧ್ಯರಾತ್ರಿ ಬೇಡ, ಹೂವಿನ ಗಾಡಿ ಓಡಾಡೋ ಬೆಳಗಿನ ಜಾವ ಇಳಿಸಿದ್ವಿ. ನೆಲ ಅಗೆಯಲಿಲ್ಲ, ಸಿಮೆಂಟ್ ಹಾಕ್ಲಿಲ್ಲ, ಗಾಳಿಗೆ ಬೀಳದ ಹಂಗೆ ನಿಲ್ಸೋಕೆ ಒಂದು ಉಪಾಯ ಇದೆ, ಅದನ್ನ ಕೆಲಸ ಕಲಿಯೋಕೆ ಬಂದೋರಿಗೆ ತೋರಿಸ್ತೀನಿ. ಪೊಲೀಸ್ ಸ್ಟೇಷನ್ನಿಗೆ ಕರೆದ್ರು. ತೆರೆದ ಸ್ಥಳ ವಿರೂಪ ತಡೆಯೋ 1981ರ ಕಾಯ್ದೆ, ರಸ್ತೆ ಮೇಲೆ ಪ್ರತಿಮೆಗೆ ಅನುಮತಿ ಕೊಡ್ಬಾರ್ದು ಅನ್ನೋ ಸುಪ್ರೀಂ ಕೋರ್ಟಿನ 2013ರ ಆದೇಶ, ಎರಡೂ ಹೇಳಿದ್ರು. ಶಂಕುಸ್ಥಾಪನೆ ಕಲ್ಲಿನ ಫೋಟೋ ತೋರಿಸ್ದೆ, ರಸ್ತೇನೇ ಎಲ್ಲಿದೆ ಸರ್ ಅಂದೆ. ಬರೆಸ್ಕೊಂಡು ಕಳಿಸಿದ್ರು.

ಆಮೇಲೆ ಟ್ರ್ಯಾಕ್ಟರಲ್ಲಿ ಬಂದು ನಾಯಕರನ್ನ ಎತ್ಕೊಂಡು ಹೋದ್ರು, ಅದರ ಹಿಂದೇನೇ ಜಲ್ಲಿ ಲೋಡು ಬಂತು. ರಸ್ತೆ ಅರ್ಧ ಆಗಿದೆ, ಚರಂಡಿ ಇನ್ನೂ ಇಲ್ಲ. ಚರಂಡಿಗೆ ಎರಡನೇ ಪ್ರತಿಮೆ ಬಿದಿರು ಕಟ್ಟೋ ಹಂತದಲ್ಲಿದೆ, ಈ ಸಲ ಕೂತಿರೋ ಭಂಗಿ, ಉದ್ಘಾಟನೆ ಟೇಪ್ ಕತ್ತರಿಸೋದು. ವೈಪರ್ ಮೋಟರ್ ಇನ್ನೊಂದು ಬೇಕು, ಹನ್ನೆರಡು ವೋಲ್ಟಿಂದು, ಗುಜರೀಲಿ ನಾನ್ನೂರರ ಒಳಗೆ ಸಿಕ್ಕಿದ್ರೆ ತೆಗೆದಿಡಿ.