‘ಲಿಟರಲಿ’ ಕಂಡರೆ ಪೆನ್ಸಿಲ್ ಎತ್ತಿಕೊಳ್ಳಿ

ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರಲು ನಮ್ಮ ಡೆಸ್ಕಿಗೆ ಬರುವ ಹೊಸಬರಿಗೆ ಮೊದಲು ಹೇಳುವ ಮಾತು ಇದು: ‘ಲಿಟರಲಿ’ ಕಂಡ ಕೂಡಲೇ ‘ಅಕ್ಷರಶಃ’ ಎಂದು ಬರೆದು ಮುಂದಕ್ಕೆ ಓಡಬೇಡಿ.

ಎರಡು ಪದಗಳದ್ದೂ ಒಂದೇ ಜಾತಕ. ಲ್ಯಾಟಿನ್ನಿನ ‘ಲಿಟ್ಟೆರಾ’ ಎಂದರೆ ಅಕ್ಷರ. ‘ಲಿಟರಲಿ’ ಎಂದರೆ ಒಂದಕ್ಷರವೂ ಆಚೀಚೆಯಾಗದೆ, ಬರೆದದ್ದು ಬರೆದಂತೆ. ಇಂಗ್ಲಿಷಿನ ಈ ಪದ 18ನೆಯ ಶತಮಾನಕ್ಕಾಗಲೇ ಉತ್ಪ್ರೇಕ್ಷೆಯ ಕೈಗೆ ಸಿಕ್ಕಿತ್ತು. 1876ರಲ್ಲಿ ಕಾದಂಬರಿಕಾರ ಮಾರ್ಕ್ ಟ್ವೇನ್ ತನ್ನ ಕಥೆಯ ಹುಡುಗ ಟಾಮ್ ಸಾಯರ್‌ನನ್ನು ‘ಲಿಟರಲಿ’ ಸಂಪತ್ತಿನಲ್ಲಿ ಹೊರಳಾಡಿಸಿದ. ಆ ಸಂಪತ್ತಿನಲ್ಲಿ ಒಂದು ಸತ್ತ ಇಲಿಯೂ ಇತ್ತು, ಬೀಸಲು ದಾರದ ಸಮೇತ! 2011ರಲ್ಲಿ ಆಕ್ಸ್‌ಫರ್ಡ್ ನಿಘಂಟು ಈ ಸಡಿಲ ಅರ್ಥವನ್ನೂ ಸೇರಿಸಿಕೊಂಡಿತು. ಇಂಗ್ಲಿಷರನ್ನು ನೋಡಿ ನಗುವಂತಿಲ್ಲ. ಸಂಸ್ಕೃತದಲ್ಲಿ ‘ಹಲವು ಸಲ’ ಎಂಬ ಅರ್ಥದ ‘ಬಹುಶಃ’ ನಮ್ಮಲ್ಲಿ ‘ಇದ್ದರೂ ಇರಬಹುದು’ ಎಂದಾಗಿಲ್ಲವೇ?

ಹಾಗಾದರೆ ಏನು ಮಾಡಬೇಕು? ವಾಕ್ಯ ಹೇಳುವುದನ್ನು ಫೋಟೊ ತೆಗೆಯಲು ಸಾಧ್ಯವೇ ಎಂದು ಕೇಳಿಕೊಳ್ಳಿ. ಅಭಿಮಾನಿಗಳು ‘ಲಿಟರಲಿ’ ಹುಚ್ಚರಾದರು ಎಂದಿದ್ದರೆ, ಯಾರನ್ನಾದರೂ ಆಸ್ಪತ್ರೆಗೆ ಸೇರಿಸಿದರೇ? ಇಲ್ಲವಾದರೆ ಪದವನ್ನು ಕಿತ್ತುಹಾಕಿ, ‘ಹುಚ್ಚೆದ್ದು ಕುಣಿದರು’ ಎನ್ನಿ. ಒತ್ತು ಬೇಕೇ ಬೇಕು ಎನಿಸಿದರೆ ಕನ್ನಡದ ‘ಏ’ಕಾರವಿದೆ: ‘ಊರಿಗೆ ಊರೇ ನೆರೆದಿತ್ತು’. ಇಲ್ಲಿ ‘ಅಕ್ಷರಶಃ’ ಸೇರಿಸಿದರೆ ಹೋಳಿಗೆಗೆ ಸಕ್ಕರೆ ಸುರಿದಂತೆ. ಅನುವಾದದ ಮಾತಾದರೆ ‘ಪದಕ್ಕೆ ಪದ’ ಎನ್ನಿ. ‘ಗುಮಾಸ್ತ ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದ’ ಎಂಬಲ್ಲಿ ಮಾತ್ರ ಕೈ ಹಚ್ಚಬೇಡಿ; ಅದು ಪದದ ತವರುಮನೆ.

ಈ ಪೆನ್ಸಿಲ್ ನನಗೂ ಒಮ್ಮೆ ಕೈಕೊಟ್ಟಿದೆ. ಒಂದು ಮಳೆಗಾಲದಲ್ಲಿ ವರದಿಗಾರನೊಬ್ಬ ‘ಊರು ಅಕ್ಷರಶಃ ಮುಳುಗಿದೆ’ ಎಂದು ಕಳುಹಿಸಿದ್ದ. ಆ ವಾರ ಅಂಥ ಏಳೆಂಟನ್ನು ಹೊಡೆದುಹಾಕಿದ್ದ ನಾನು ಇದನ್ನೂ ಹೊಡೆದುಹಾಕಿದೆ. ಮಾರನೆಯ ದಿನ ಅವನ ಫೋನು ಬಂತು: ‘ಸರ್, ನಾನು ಆ ಊರಿನ ಶಾಲೆಯ ಹೆಂಚಿನ ಮೇಲೆ ದೋಣಿಯಲ್ಲಿ ಹೋಗಿ ಬಂದೆ. ಇನ್ನು ಯಾವ ಪದ ಬರೆಯಲಿ?’